ಊರಿನ ಲೈಬ್ರರಿ ಕಟ್ಟುವ ಮುಂಚೆ: ಪಾಯ, ರ‍್ಯಾಂಪು ಮತ್ತು ದಿನಾ ಬಾಗಿಲು ತೆಗೆಯುವವರು

ಪ್ರಶ್ನೆ: ನಮ್ಮದು ಮದ್ದೂರು ತಾಲೂಕಿನ ಒಂದು ಹಳ್ಳಿ. ಸುತ್ತ ನಾಲೆ ನೀರಿನ ಗದ್ದೆ, ಕಬ್ಬು. ಊರಿನ ಹಿರಿಯರೊಬ್ಬರು ಲೈಬ್ರರಿಗೆ ಅಂತ 40-60ರ ಸೈಟು ಕೊಡುತ್ತಿದ್ದಾರೆ. ಬೆಂಗಳೂರು, ಮೈಸೂರು ಸೇರಿದ ಹುಡುಗರೂ ನಾವೂ ಕೂಡಿ 30 ಲಕ್ಷ ರೂಪಾಯಿ ಸೇರಿಸಿದ್ದೇವೆ. ಕೆಳಗೆ ಫಂಕ್ಷನ್ ಹಾಲ್, ಮೇಲೆ ಲೈಬ್ರರಿ ಮಾಡಿದರೆ ಬಾಡಿಗೆ ಬರುತ್ತದೆ ಅಂತ ಕೆಲವರು ಹೇಳುತ್ತಾರೆ. ಮುಂದೆ ಗಾಜು ಹಾಕಿಸಿ ಎಸಿ ಇಡಿಸೋಣ ಅಂತ ಇನ್ನು ಕೆಲವರು. ಊರಲ್ಲಿ ಗಾಲಿಕುರ್ಚಿಯಲ್ಲಿ ಓಡಾಡುವ ಹುಡುಗಿಯೊಬ್ಬಳಿದ್ದಾಳೆ, ಅವಳೂ ಬರುವಂತಿರಬೇಕು. ಎಲ್ಲಿಂದ ಶುರು ಮಾಡೋಣ?

ಉತ್ತರ: ಪ್ಲಾನ್ ಬರೆಸುವ ಮುಂಚೆ ಒಂದು ವಿಷಯ ತೀರ್ಮಾನ ಮಾಡಿ. ಉದ್ಘಾಟನೆ ಆಗಿ ಐದು ವರ್ಷದ ಮೇಲೆ, ಒಂದು ಮಾಮೂಲಿ ಮಂಗಳವಾರ, ಬಾಗಿಲು ತೆಗೆಯುವವರು ಯಾರು? ಅವರ ಸಂಬಳ ಎಲ್ಲಿಂದ? ಊರವರು ಕಷ್ಟಪಟ್ಟು ಕಟ್ಟಿಸಿದ ಎಷ್ಟೋ ಲೈಬ್ರರಿಗಳು ಬೀಗ ಹಾಕಿಕೊಂಡು ಕೂತಿರುವುದು ಕಟ್ಟಡ ಕೆಟ್ಟು ಅಲ್ಲ, ಈ ಪ್ರಶ್ನೆ ಯಾರೂ ಕೇಳದೆ.

30 ಲಕ್ಷವನ್ನೂ ಗಾರೆಗೆ ಸುರಿಯಬೇಡಿ. 20 ಲಕ್ಷದೊಳಗೆ ಕಟ್ಟಿ, 10 ಲಕ್ಷ ಠೇವಣಿ ಇಡಿ. ಶೇ 6.5 ಬಡ್ಡಿ ಅಂದರೂ ವರ್ಷಕ್ಕೆ 65 ಸಾವಿರ ಬರುತ್ತದೆ. ಕರೆಂಟು, ಪೇಪರು, ಒಂದಷ್ಟು ಹೊಸ ಪುಸ್ತಕಕ್ಕೆ ಅದು ಸಾಕು. ಸಂಬಳಕ್ಕೆ ಸಾಲದು. ಅದಕ್ಕೇ ಪಂಚಾಯ್ತಿ ಜೊತೆ ಕೂತು ಮಾತಾಡಿ. ಗ್ರಾಮ ಪಂಚಾಯ್ತಿ ಲೈಬ್ರರಿಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ಈಗ ಅರಿವು ಕೇಂದ್ರ ಅನ್ನುವುದು ಅವನ್ನೇ. ನಿಮ್ಮ ಪಂಚಾಯ್ತಿಯದು ಇಕ್ಕಟ್ಟಾದ ಕೋಣೆಯಲ್ಲಿದ್ದರೆ, 'ನಮ್ಮ ಕಟ್ಟಡಕ್ಕೆ ಬನ್ನಿ' ಅಂತ ಕರೆಯಿರಿ. ಮೇಲ್ವಿಚಾರಕರೂ ಪುಸ್ತಕಗಳೂ ಅಲ್ಲಿಂದ ಬರುತ್ತವೆ, ಜಾಗ ನಿಮ್ಮದು. ಆಸ್ತಿ ತೆರಿಗೆಯ ಜೊತೆ ರೂಪಾಯಿಗೆ 6 ಪೈಸೆ ಗ್ರಂಥಾಲಯ ಕರ ಅಂತ ಜನ ಕಟ್ಟುತ್ತಾರೆ. ಅಂದರೆ ಇದು ಕೈ ಚಾಚಿ ಬೇಡುವ ವಿಷಯವಲ್ಲ, ಕೇಳುವ ಹಕ್ಕು ನಿಮಗಿದೆ. ಬಾಯಿ ಮಾತು ಬೇಡ. ಗ್ರಾಮಸಭೆಯಲ್ಲಿ ಠರಾವು ಆಗಲಿ. ಸೈಟಿನ ದಾನಪತ್ರ ನೋಂದಣಿಯಾಗಲಿ, ಪಂಚಾಯ್ತಿಯ ಆಸ್ತಿ ದಾಖಲೆ ಇ-ಸ್ವತ್ತು ಸರಿಯಾಗಲಿ. ಕೊಟ್ಟವರು ಒಳ್ಳೆಯವರೇ, ಆದರೆ ಮುಂದಿನ ತಲೆಮಾರು ಏನು ಹೇಳುತ್ತದೋ.

ಫಂಕ್ಷನ್ ಹಾಲ್ ವಿಚಾರ ನೇರವಾಗಿ ಹೇಳುತ್ತೇನೆ: ಬೇಡ. ಮದುವೆ ಸೀಸನ್ ಅಂದರೆ ಮಕ್ಕಳ ಬೇಸಿಗೆ ರಜೆ. ಲೈಬ್ರರಿ ತುಂಬಬೇಕಾದ ದಿನಗಳಲ್ಲೇ ಕೆಳಗೆ ಓಲಗ, ಮೈಕು. ಮೆಟ್ಟಿಲು ಹತ್ತಲಾಗದವರು ಮೊದಲ ದಿನವೇ ಹೊರಗೆ ಉಳಿಯುತ್ತಾರೆ. ಇನ್ನು ತೂಕ. ಮನೆಯ ನೆಲಕ್ಕೆ ಎಂಜಿನಿಯರುಗಳು ಚದರ ಮೀಟರಿಗೆ ಸುಮಾರು 200 ಕೆಜಿ ಭಾರ ಹಿಡಿದು ಲೆಕ್ಕ ಹಾಕುತ್ತಾರೆ. ಪುಸ್ತಕದ ರ‍್ಯಾಕು ಸಾಲಾಗಿ ನಿಲ್ಲುವ ಕೋಣೆಗೆ 600 ಕೆಜಿಯಾದರೂ ಹಿಡಿಯಬೇಕು. ಅಷ್ಟು ಭಾರ ಮೇಲಿಟ್ಟರೆ ಕಂಬ, ತೊಲೆ, ಕಬ್ಬಿಣ ಎಲ್ಲಕ್ಕೂ ಜಾಸ್ತಿ ಖರ್ಚು. ಪುಸ್ತಕ ಕೆಳಗೇ ಇರಲಿ.

ಈಗ ಪಾಯ. ನಿಮ್ಮ ಊರಿನಲ್ಲಿ ಎಲ್ಲಕ್ಕಿಂತ ಯೋಚಿಸಬೇಕಾದ್ದು ಇದನ್ನೇ. ವಿಶ್ವೇಶ್ವರಯ್ಯ ನಾಲೆ (ವಿ.ಸಿ. ನಾಲೆ) ಬಯಲಿನಲ್ಲಿ ನೀರು ಬಿಟ್ಟ ತಿಂಗಳುಗಳಲ್ಲಿ ನೆಲದಡಿಯ ತೇವ ಮೇಲೇರುತ್ತದೆ, ಗೋಡೆಯ ಬುಡ ಒದ್ದೆಯಾಗುತ್ತದೆ, ಕೆಳಗಿನ ಸಾಲಿನ ಪುಸ್ತಕಗಳಿಗೆ ಬೂಷ್ಟು ಹಿಡಿಯುತ್ತದೆ. ಹಾಗಾಗಿ ಸೈಜುಗಲ್ಲಿನ ಪಾಯ ನೆಲದಿಂದ 2 ಅಡಿಯಾದರೂ ಮೇಲೆ ಬರಲಿ. ಅದರ ಮೇಲೆ ತೇವ ತಡೆಯುವ ಡಿಪಿಸಿ ಪಟ್ಟಿ ಹಾಕಿಸಿ. ಪಾಯ ತುಂಬುವ ಹಂತದಲ್ಲೇ ಗೆದ್ದಲಿಗೆ ಔಷಧಿ ಹೊಡೆಸಿ, ಆಮೇಲೆ ಮಾಡಿಸಿದರೆ ಅರ್ಧ ಕೆಲಸ.

ಆದರೆ ಪಾಯ ಎತ್ತರವಾದಷ್ಟೂ ಆ ಹುಡುಗಿಗೆ ಬಾಗಿಲು ದೂರ. ಗಾಲಿಕುರ್ಚಿಯ ರ‍್ಯಾಂಪು 1 ಅಡಿ ಏರಲು 12 ಅಡಿ ಉದ್ದ ಬೇಕು. 2 ಅಡಿ ಪಾಯಕ್ಕೆ 24 ಅಡಿ, ಮೇಲೆ ಕೆಳಗೆ ತಿರುಗಲು ಐದೈದು ಅಡಿ ಸಮತಟ್ಟು ಜಾಗ. ಒಟ್ಟು 34 ಅಡಿ. ಜಾಗ ಉಳಿಸಲು ಮೇಸ್ತ್ರಿ 10 ಅಡಿಯಲ್ಲಿ ಮುಗಿಸಿಬಿಟ್ಟರೆ ಅದು ಬೈಕ್ ಹತ್ತಿಸುವುದಕ್ಕೆ ಆಗುತ್ತದೆ, ಅವಳಿಗೆ ಆಗುವುದಿಲ್ಲ. 60 ಅಡಿಯ ಪಕ್ಕದಲ್ಲಿ ನಿಮಗೆ ಬೇಕಾದಷ್ಟು ಉದ್ದವಿದೆ. ನನ್ನ ಸಲಹೆ: ಮೆಟ್ಟಿಲನ್ನು ಪಕ್ಕಕ್ಕಿಡಿ, ಗೇಟಿನಿಂದ ಬಾಗಿಲಿಗೆ ಮುಖ್ಯ ದಾರಿಯೇ ಈ ಇಳಿಜಾರಾಗಲಿ. ಮೊಣಕಾಲು ನೋವಿನ ಅಜ್ಜಿ, ಮಗು ಎತ್ತಿಕೊಂಡ ತಾಯಿ, ಪುಸ್ತಕದ ಪೆಟ್ಟಿಗೆ ತಳ್ಳಿಕೊಂಡು ಬರುವವರು ಎಲ್ಲರೂ ಅಲ್ಲೇ ಬರಲಿ. ಹಿಂದುಗಡೆ ಅವಳೊಬ್ಬಳಿಗೇ ಒಂದು ದಾರಿ ಮಾಡಿದರೆ ಅವಳು ಎರಡು ಸಲ ಬಂದು ಮೂರನೇ ಸಲ ಬರುವುದಿಲ್ಲ. ಮೇಲೆ ಒರಟು ಕಲ್ಲು ಹಾಸಿ. ಪಾಲಿಶ್ ಗ್ರಾನೈಟು ಮಳೆಯಲ್ಲಿ ಜಾರುತ್ತದೆ. ಎರಡೂ ಕಡೆ ಹಿಡಿಕೆ ಇರಲಿ.

ಒಳಗೂ ಅದೇ ಲೆಕ್ಕ. ಬಾಗಿಲು 3 ಅಡಿ ಅಗಲ, ಹೊಸಿಲು ಬೇಡ. ಪೂಜೆಗೆ ಹೊಸಿಲು ಬೇಕೇ ಬೇಕು ಅಂದರೆ ನೆಲದ ಮಟ್ಟಕ್ಕೇ ಕೂರಿಸಿ. ರ‍್ಯಾಕುಗಳ ನಡುವೆ 4 ಅಡಿ ಬಿಡಿ, ಗೋಡೆಗೆ ತಾಗಿಸದೆ ಅರ್ಧ ಅಡಿ ಈಚೆಗೆ ನಿಲ್ಲಿಸಿ. ಹೆಂಗಸರ ಶೌಚಾಲಯವನ್ನು ಆಮೇಲೆ ನೋಡೋಣ ಅಂತ ಬಿಡಬೇಡಿ. ಅದಿಲ್ಲದಿದ್ದರೆ ಹೆಣ್ಣುಮಕ್ಕಳು ಒಂದು ಗಂಟೆಗಿಂತ ಜಾಸ್ತಿ ಕೂರುವುದಿಲ್ಲ. ಒಂದರಲ್ಲಿ ಕಮೋಡು, ಹಿಡಿಕೆ, ಹೊರಗೆ ತೆಗೆಯುವ ಬಾಗಿಲು ಇರಲಿ.

ಗಾಜು, ಎಸಿ ಬೇಡ. ಗಾಜಿನ ಮುಖ ಪಡುವಣಕ್ಕಿದ್ದರಂತೂ ಮೂರು ಗಂಟೆಯ ಮೇಲೆ ಒಳಗೆ ಕೂರುವ ಹಾಗಿಲ್ಲ, ಪುಸ್ತಕದ ಬೆನ್ನೂ ಬಣ್ಣ ಕಳೆದುಕೊಳ್ಳುತ್ತದೆ. ಕಿಟಕಿಗಳು ಉತ್ತರ ದಕ್ಷಿಣಕ್ಕಿರಲಿ, ಪಡುವಣದ ಗೋಡೆಗೆ ಶೌಚಾಲಯ, ಸ್ಟೋರು ಬರಲಿ. ಒಂದು ಮಾತು: ಉತ್ತರಕ್ಕೆ ಬಿಸಿಲೇ ಬೀಳಲ್ಲ ಅಂತ ಪುಸ್ತಕದಲ್ಲಿ ಓದಿದವರು ಹೇಳುತ್ತಾರೆ. ನಮ್ಮ ಕಡೆ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ವಾಲಿರುತ್ತಾನೆ. ಉತ್ತರದ ಕಿಟಕಿಗೂ ಸಜ್ಜಾ ಹಾಕಿಸಿ. ಕಿಟಕಿಗೆಲ್ಲ ಸೊಳ್ಳೆ ಮೆಶ್ ಇರಲಿ, ಗದ್ದೆ ಬದಿಯ ಊರಲ್ಲಿ ಸಂಜೆ ಓದುವವರಿಗೆ ಎಸಿಗಿಂತ ಅದು ಮುಖ್ಯ.

ಗೋಡೆಗೆ ಒತ್ತಿದ ಮಣ್ಣಿನ ಬ್ಲಾಕು ಒಳ್ಳೆಯದು. ಶೇ 5ರಿಂದ 8ರಷ್ಟು ಸಿಮೆಂಟು ಸಾಕು, ಸುಡುವ ಸೌದೆ ಉಳಿಯುತ್ತದೆ. ಆದರೆ ಗದ್ದೆಯ ಜಿಗುಟು ಮಣ್ಣು ಆಗುವುದಿಲ್ಲ, ಬಿರುಕು ಬಿಡುತ್ತದೆ. ಮರಳು ಬೆರೆತ ಕೆಮ್ಮಣ್ಣು ಹತ್ತಿರದಲ್ಲಿ ಸಿಕ್ಕರೆ ಮಾತ್ರ ಇದಕ್ಕೆ ಕೈ ಹಾಕಿ. ದೂರದಿಂದ ಲಾರಿಯಲ್ಲಿ ತರಿಸಿ 'ಪರಿಸರಸ್ನೇಹಿ' ಅನ್ನಿಸಿಕೊಳ್ಳುವುದಕ್ಕಿಂತ ಊರ ಹತ್ತಿರದ ಇಟ್ಟಿಗೆಯೇ ವಾಸಿ.

ಹತ್ತು ಬಿಎಲ್‌ಡಿಸಿ ಫ್ಯಾನು (ಕಡಿಮೆ ಕರೆಂಟು ಕುಡಿಯುವಂಥವು) ಹತ್ತು ಗಂಟೆ ತಿರುಗಿದರೆ 3 ಯೂನಿಟ್. 1 ಕಿಲೋವ್ಯಾಟ್ ಸೋಲಾರ್ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ. 2 ಕಿಲೋವ್ಯಾಟ್ ಹಾಕಿಸಿದರೆ ದೀಪ, ಕಂಪ್ಯೂಟರಿಗೂ ಆಯಿತು. ಮಳೆ ನೀರಿನ ಲೆಕ್ಕ ಸುಲಭ: 1 ಚದರ ಮೀಟರ್ ಚಾವಣಿಗೆ 1 ಮಿಮೀ ಮಳೆ ಬಿದ್ದರೆ 1 ಲೀಟರ್. ವರ್ಷಕ್ಕೆ 700 ಮಿಮೀ ಹಿಡಿದರೂ 1000 ಚದರಡಿ ಚಾವಣಿಯಿಂದ 50 ಸಾವಿರ ಲೀಟರಿಗೆ ಮೋಸವಿಲ್ಲ. ಶೌಚಾಲಯಕ್ಕೂ ಗಿಡಕ್ಕೂ ಬೋರ್‌ವೆಲ್ ಕೊರೆಸಬೇಕಾಗಿಲ್ಲ.

1000 ಚದರಡಿಯಿಂದ ಶುರು ಮಾಡಿ, ಹಿಂದೆ ಜಾಗ ಬಿಡಿ. ಲೈಬ್ರರಿ ಬೆಳೆಯುತ್ತಲೇ ಇರುವ ಜೀವಿ ಎಂದು ಗ್ರಂಥಾಲಯ ಶಾಸ್ತ್ರದ ಎಸ್.ಆರ್. ರಂಗನಾಥನ್ 1931ರಲ್ಲೇ ತಮ್ಮ ಐದನೇ ಸೂತ್ರವಾಗಿ ಬರೆದರು. ಹಿಂದಿನ ಗೋಡೆಯಲ್ಲಿ ಈಗಲೇ ಒಂದು ಬಾಗಿಲಿನ ಲಿಂಟಲ್ ಕೂರಿಸಿ ಇಟ್ಟಿಗೆ ತುಂಬಿಸಿಬಿಡಿ. ಮುಂದೆ ಕೋಣೆ ಸೇರಿಸುವಾಗ ಗೋಡೆ ಒಡೆಯುವ ತಾಪತ್ರಯ ಇರುವುದಿಲ್ಲ.

ಪ್ರಶ್ನೆ: ನಾವು ಮೈಸೂರಿನ ಒಂದು ಬಡಾವಣೆಯವರು. ವಾಚನಾಲಯಕ್ಕೆ ಹೊಸ ಕಟ್ಟಡ ಆಗುತ್ತಿದೆ. ಹಳೆಯದರಲ್ಲಿ ಕೆಎಎಸ್, ಪಿಎಸ್‌ಐ ಪರೀಕ್ಷೆಗೆ ಓದುವವರೇ ಬೆಳಿಗ್ಗೆಯಿಂದ ಕುರ್ಚಿ ಹಿಡಿದು ಕೂರುತ್ತಿದ್ದರು. ಪೇಪರ್ ಓದುವ ಹಿರಿಯರು, ಮಕ್ಕಳು ಬರುವುದೇ ಬಿಟ್ಟರು. ಪರೀಕ್ಷೆಯವರಿಗೆ ಪ್ರವೇಶ ಬೇಡ ಅನ್ನಬಹುದಾ?

ಉತ್ತರ: ಖಂಡಿತ ಹಾಗೆ ಅನ್ನಬೇಡಿ. ಬಾಡಿಗೆ ಕೋಣೆಯಲ್ಲಿ ನಾಲ್ಕು ಜನ ಇರುವ ಹುಡುಗರಿಗೆ, ಮನೆಯಲ್ಲಿ ಕೂರಲು ಮೂಲೆಯೂ ಇಲ್ಲದ ಹುಡುಗಿಯರಿಗೆ ಅದೊಂದೇ ಜಾಗ. ಮೌನ ಬೇಕಾದವರನ್ನು ಒಳಕ್ಕೆ, ಮಾತು ಬೇಕಾದವರನ್ನು ಮುಂದಕ್ಕೆ ಮಾಡಿ. ಮುಂದೆ ಉದ್ದ ಜಗುಲಿ, ಅಲ್ಲಿ ಪೇಪರು, ಹಿರಿಯರು. ಪಕ್ಕದಲ್ಲಿ ಮಕ್ಕಳ ಕೋಣೆ, 3 ಅಡಿ ಎತ್ತರದ ರ‍್ಯಾಕು, ನೆಲಕ್ಕೆ ಚಾಪೆ. ಕೊನೆಯಲ್ಲಿ, ನಡುವೆ ಪುಸ್ತಕದ ಸಾಲು ದಾಟಿ, ಪರೀಕ್ಷೆಯವರ ಕೋಣೆ. ಪುಸ್ತಕ ತುಂಬಿದ ರ‍್ಯಾಕು ಶಬ್ದವನ್ನು ಒಂದಷ್ಟು ತಡೆಯುತ್ತದೆ. ಆ ಕೋಣೆಗೆ ಹೊರಗಿನಿಂದಲೂ ಬಾಗಿಲಿದ್ದರೆ ಲೈಬ್ರರಿ ಮುಚ್ಚಿದ ಮೇಲೂ ರಾತ್ರಿ ಹತ್ತರವರೆಗೆ ಓದಬಹುದು. ದಾರಿಗೆ ದೀಪ ಹಾಕಿಸಿ.

ಪ್ರಶ್ನೆ: ನಾನು ಮಂಡ್ಯದಲ್ಲಿ ಬಿಎ ಓದುತ್ತಿದ್ದೇನೆ, ಕಣ್ಣು ಕಾಣುವುದಿಲ್ಲ. ನಮ್ಮೂರಿನ ಹೊಸ ಲೈಬ್ರರಿಯವರು ನಿನಗೇನು ಬೇಕು ಅಂತ ಕೇಳಿದ್ದಾರೆ. ಬ್ರೈಲ್ ಪುಸ್ತಕದ ಬೀರು ಕೇಳಲಾ?

ಉತ್ತರ: ಮೊದಲು ಒಂದು ಕಂಪ್ಯೂಟರ್, ಹೆಡ್‌ಫೋನ್, ಸ್ಕ್ಯಾನರ್ ಕೇಳಿ. ಎನ್‌ವಿಡಿಎ ಅನ್ನುವ ಉಚಿತ ತಂತ್ರಾಂಶ ಪರದೆಯ ಮೇಲಿನ ಕನ್ನಡವನ್ನೂ ಓದಿ ಹೇಳುತ್ತದೆ. 2016ರಲ್ಲಿ ಶುರುವಾದ ಸುಗಮ್ಯ ಪುಸ್ತಕಾಲಯ ಎಂಬ ಆನ್‌ಲೈನ್ ಲೈಬ್ರರಿ ನಿಮ್ಮಂಥವರಿಗೆಂದೇ ಇದೆ. ಸದಸ್ಯರಾಗಲು ಲೈಬ್ರರಿಯವರು ನೆರವಾಗಲಿ. ಅವರಿಗೆ ಇನ್ನೊಂದು ಹೇಳಿ: ನೋಟ್ಸುಗಳನ್ನು ಫೋಟೊ ತೆಗೆದು ಪಿಡಿಎಫ್ ಮಾಡಿದರೆ ಯಂತ್ರಕ್ಕೆ ಅದು ಬರೀ ಚಿತ್ರ. ಹಳೆಯ ನುಡಿ, ಬರಹ ಫಾಂಟಿನ ಕಡತವನ್ನೂ ಅದು ಅಡ್ಡಾದಿಡ್ಡಿ ಓದುತ್ತದೆ. ಯೂನಿಕೋಡಿಗೆ ಬದಲಿಸಿಕೊಡಬೇಕು, ಬದಲಿಸುವ ಸಾಧನಗಳು ಉಚಿತವಾಗಿ ಸಿಗುತ್ತವೆ. ಇಷ್ಟಾದ ಮೇಲೆ, ಬ್ರೈಲ್ ಕಲಿಯುವ ಚಿಕ್ಕ ಮಕ್ಕಳು ಊರಲ್ಲಿದ್ದರೆ ಬೀರುವನ್ನೂ ಕೇಳಿ.