ಉದ್ದದ ಇಂಗ್ಲಿಷ್ ಪದಗಳನ್ನು ಹೇಗೆ ಬಿಡಿಸೋದು, ಒತ್ತು ಎಲ್ಲಿ ಹಾಕೋದು?

ಬೀದರಿನಲ್ಲಿ ಬಿ.ಎಡ್. ಓದ್ತಿರುವ ನೀವು, ‘ರೆಸ್ಪಾನ್ಸಿಬಿಲಿಟಿ’ಯಂಥ ಪದಗಳನ್ನು ಮಕ್ಕಳಿಗೆ ಹೇಗೆ ಬಿಡಿಸಿ ಹೇಳಿಕೊಡೋದು, ಒತ್ತು (ಸ್ಟ್ರೆಸ್, ಅಂದರೆ ಪದದಾಗ ಗಟ್ಟಿಯಾಗಿ ನುಡಿಯೋ ಭಾಗ) ಎಲ್ಲಿ ಬೀಳ್ತದ ಅಂತ ಕೇಳಿದ್ದೀರಿ.

ಮೊದಲು ಸ್ಪೆಲಿಂಗ್ ನೋಡಿ ತುಂಡು ಮಾಡೋದು ಬಿಡ್ರಿ. ಬಾಯಲ್ಲಿ ಎಷ್ಟು ಸ್ವರ ಬರ್ತಾವೋ ಅಷ್ಟು ಸಿಲೆಬಲ್. ‘ಸ್ಟೇಷನ್’ದಾಗ ಎರಡೇ, ನಮ್ಮ ಕಡೆ ‘ಇಸ್ಟೇಷನ್’ ಅಂದಾಗ ಮೂರಾಗ್ತದ. ‘ವೆಜಿಟೇಬಲ್’ ಬರೆಯುವಾಗ ನಾಲ್ಕು ಸ್ವರ ಇದ್ದರೂ ಉಚ್ಚಾರದಾಗ ಮೂರೇ: ವೆಜ್-ಟ-ಬಲ್.

ಒತ್ತನ್ನು ಪದದ ಬಾಲದಿಂದ ಹುಡುಕಬೇಕು. ಕೊನೆಗೆ ‘ಷನ್’ ಅಥವಾ ‘ಇಕ್’ ಇದ್ದರೆ ಅದಕ್ಕೆ ತಾಗಿದ ಮುಂಚಿನ ಸಿಲೆಬಲ್ಲಿಗೆ: ‘ಎಗ್ಜಾಮಿನೇಷನ್’ದಾಗ ‘ನೇ’ಗೆ. ‘ಇಟಿ’, ‘ಗ್ರಫಿ’, ‘ಲಜಿ’ ಇದ್ದರೆ ಕೊನೆಯಿಂದ ಮೂರನೆಯದಕ್ಕೆ. ಕಲಬುರಗಿಯಾಗ ದಿನಾ ಬಸ್ಸಿನ ಬಾಗಿಲಲ್ಲಿ ಕೇಳೋ ‘ಯುನಿವರ್ಸಿಟಿ’ಯನ್ನೇ ತಗೊಳ್ರಿ: ಯು-ನಿ-ವರ್-ಸ-ಟಿ, ಒತ್ತು ‘ವರ್’ ಮೇಲೆ. ‘ಎಂಜಿನಿಯರ್’ದಾಗ (ಎನ್-ಜಿ-ನಿಯರ್) ಒತ್ತು ಕೊನೆಯ ‘ನಿಯರ್’ಗೇ. ‘ಪಾಲಿಟಿಕ್ಸ್’, ಗಣಿತದ ‘ಅರಿತ್ಮೆಟಿಕ್’ನಂಥ ಕೆಲವು ಪದ ‘ಇಕ್’ ನಿಯಮಕ್ಕೆ ಸಿಗೋದಿಲ್ಲ; ಒಂದರಾಗ ‘ಪಾ’, ಇನ್ನೊಂದರಾಗ ‘ರಿತ್’.

ಇಷ್ಟು ಕಲಿತರೂ ಮಾತು ಸರಿಹೋಗದಿದ್ದರೆ, ಕಾರಣ ಉಳಿದ ಸಿಲೆಬಲ್ಲುಗಳು. ಕನ್ನಡದಾಗ ಪ್ರತಿ ಅಕ್ಷರಕ್ಕೂ ಅದರ ಪೂರ್ತಿ ದನಿ ಕೊಡ್ತೀವಿ. ಇಂಗ್ಲಿಷಿನಾಗ ಒತ್ತಿಲ್ಲದ ಸ್ವರ ಹೆಚ್ಚಾಗಿ ಸೊರಗಿ ಮೋಟು ‘ಅ’ ಆಗ್ತದ. ಫೋ-ಟ-ಗ್ರಾಫ್ ಅಂದಾಗ ‘ಫೋ’ ಗಟ್ಟಿ. ಫ-ಟಾ-ಗ್ರ-ಫಿ ಅಂದಾಗ ‘ಟಾ’ ಗಟ್ಟಿಯಾಗಿ ‘ಫೋ’ ಬರೀ ‘ಫ’ ಆಯ್ತು. ಫೋ-ಟ-ಗ್ರ್ಯಾ-ಫಿಕ್ ಅಂದಾಗ ‘ಗ್ರ್ಯಾ’ ಗಟ್ಟಿ, ‘ಟ’ ಮತ್ತೆ ಸೊರಗಿತು. ಈ ಮೂರನ್ನೂ ಬೋರ್ಡಿನ ಮೇಲೆ ಒಂದರ ಕೆಳಗೊಂದು ಬರೆದು ಓದಿಸ್ರಿ. ಇದಕ್ಕಿಂತ ಒಳ್ಳೆ ಪಾಠ ನನಗೆ ಸಿಕ್ಕಿಲ್ಲ.

ಇನ್ನೊಂದು ತೊಡಕು ‘ಒತ್ತು’ ಅನ್ನೋ ಮಾತಿನದೇ. ಮಕ್ಕಳು ಒತ್ತಕ್ಷರ ಅಂದುಕೊಂಡು ವ್ಯಂಜನ ಜೋಡಿಸ್ತಾರೆ, ‘ಅಪ್ಪರ್ಚುನಿಟಿ’ ಅಂತಾರೆ. ಸ್ಪೆಲಿಂಗಿನಾಗ ಎರಡು ‘ಪ’ ಇದ್ದರೂ ನುಡಿಯೋದು ಒಂದೇ, ಒತ್ತು ಇರೋದು ‘ಚು’ ಮೇಲೆ. ಒತ್ತು ಅಂದರೆ ಆ ಸ್ವರವನ್ನು ಸ್ವಲ್ಪ ಎಳೆದು, ದನಿ ಏರಿಸಿ ಹೇಳೋದು ಅಂತ ಮೊದಲೇ ತಿಳಿಸ್ರಿ.

ರೂಢಿ ಮಾಡಿಸುವಾಗ ಪದವನ್ನು ಹಿಂದಿನಿಂದ ಕಟ್ಟಿಸ್ರಿ: ಟಿ, ಲಟಿ, ಬಿಲಟಿ, ಸಬಿಲಟಿ, ಸ್ಪಾನ್ಸಬಿಲಟಿ, ರಿಸ್ಪಾನ್ಸಬಿಲಟಿ. ಮೊದಲಿನಿಂದ ಶುರು ಮಾಡಿದರೆ ಮುಖ್ಯ ಒತ್ತಿರೋ ‘ಬಿ’ ಬರೋದರೊಳಗೆ ಉಸಿರು ತಗ್ಗಿ ಬಾಲ ನುಂಗ್ತಾರೆ. ಮೇಜು ಬಡಿಯೋದು ‘ಬಿ’ ಬಂದಾಗ ಒಂದೇ ಸಲ. ಪ್ರತಿ ಸಿಲೆಬಲ್ಲಿಗೂ ಬಡಿದರೆ ಎಲ್ಲವೂ ಮತ್ತೆ ಸಮ ಆಗ್ತಾವ.