ಬ್ಯಾಕ್ಟೀರಿಯಾದ ಪೊರೆಗೆ ಒಂದೇ ಬಗೆಯ ಲಿಪಿಡ್ ಯಾಕೆ ಸಾಲದು?

ಪೊರೆಯ ಕೆಲಸ ಸುಮ್ನೆ ಒಳಗು ಹೊರಗನ್ನು ಬೇರೆ ಮಾಡುವುದಷ್ಟೇ ಆಗಿದ್ದರೆ ಒಂದೇ ಲಿಪಿಡ್ (ಕೊಬ್ಬಿನಂಥ ಅಣು) ಸಾಕಾಗುತ್ತಿತ್ತು. ಆದರೆ ಬ್ಯಾಕ್ಟೀರಿಯಾ ತನ್ನ ಪೊರೆಯನ್ನು ಪರಿಸ್ಥಿತಿಗೆ ತಕ್ಕಂತೆ ಬದಲಿಸುತ್ತಲೇ ಇರುತ್ತದೆ.

ನಮ್ಮ ಕರುಳಿನಲ್ಲಿರುವ ಇ. ಕೋಲಿ ಬ್ಯಾಕ್ಟೀರಿಯಾವನ್ನೇ ನೋಡಿ. ಅದರ ಫಾಸ್ಫೋಲಿಪಿಡ್‌ಗಳಲ್ಲಿ (ರಂಜಕ ಇರುವ ಲಿಪಿಡ್‌ಗಳಲ್ಲಿ) ಸುಮಾರು 75% ಫಾಸ್ಫಟಿಡಿಲ್‌ಎಥನಾಲಮೀನ್, 20% ಫಾಸ್ಫಟಿಡಿಲ್‌ಗ್ಲಿಸರಾಲ್, ಉಳಿದದ್ದು ಹೆಚ್ಚಾಗಿ ಕಾರ್ಡಿಯೋಲಿಪಿನ್. ಚಳಿ ಹೆಚ್ಚಾದರೆ ಅದು ಬೇಗ ಗಟ್ಟಿಯಾಗದ ಅಪರ್ಯಾಪ್ತ ಕೊಬ್ಬಿನಾಮ್ಲಗಳನ್ನು ಜಾಸ್ತಿ ಸೇರಿಸುತ್ತದೆ. ಇಲ್ಲದಿದ್ದರೆ ತಣ್ಣಗಾದ ತುಪ್ಪದ ಹಾಗೆ ಪೊರೆ ಗಟ್ಟಿಯಾಗಿ, ಅದರಲ್ಲಿರುವ ಪ್ರೋಟೀನ್‌ಗಳು ಸರಿಯಾಗಿ ಕೆಲಸ ಮಾಡುವುದಿಲ್ಲ. ಮಣ್ಣಿನ ಕೆಲವು ಬ್ಯಾಕ್ಟೀರಿಯಾಗಳು ರಂಜಕ ಸಿಗದಿದ್ದಾಗ ರಂಜಕವೇ ಇಲ್ಲದ ಆರ್ನಿಥಿನ್ ಲಿಪಿಡ್ ಬಳಸುತ್ತವೆ.

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು ವಿದ್ಯುದಾವೇಶ. ಬ್ಯಾಕ್ಟೀರಿಯಾದ ಪೊರೆಯಲ್ಲಿ ಋಣ ಆವೇಶ ಜಾಸ್ತಿ. ನಮ್ಮ ದೇಹದ ರೋಗನಿರೋಧಕ ಪೆಪ್ಟೈಡ್‌ಗಳಲ್ಲಿ (ಚಿಕ್ಕ ಪ್ರೋಟೀನ್‌ಗಳಲ್ಲಿ) ಹೆಚ್ಚಿನವು ಧನ ಆವೇಶದವು, ಹಾಗಾಗಿ ಅಲ್ಲಿಗೇ ಹೋಗಿ ಅಂಟುತ್ತವೆ. ಸ್ಟೆಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಇದರಿಂದ ತಪ್ಪಿಸಿಕೊಳ್ಳಲು ಒಂದು ದಾರಿ ಕಂಡುಕೊಂಡಿದೆ. ಎಂಪಿಆರ್‌ಎಫ್ ಎಂಬ ಪ್ರೋಟೀನ್ ಫಾಸ್ಫಟಿಡಿಲ್‌ಗ್ಲಿಸರಾಲ್‌ಗೆ ಲೈಸಿನ್ ಜೋಡಿಸುತ್ತದೆ, ಆಗ ಪೊರೆಯ ಋಣ ಆವೇಶ ಕಡಿಮೆಯಾಗುತ್ತದೆ. ಡ್ಯಾಪ್ಟೋಮೈಸಿನ್ ಔಷಧಿ ನಾಟದಿರುವುದರಲ್ಲೂ ಇದರ ಪಾತ್ರವಿದೆ.

ಕೊಲಿಸ್ಟಿನ್ ಎಂಬ ಆ್ಯಂಟಿಬಯಾಟಿಕ್ ಕಥೆಯೂ ಹೀಗೇ. ಗ್ರಾಂ ಋಣ ಬ್ಯಾಕ್ಟೀರಿಯಾಗಳ (ಇ. ಕೋಲಿಯಂತೆ ಎರಡು ಪೊರೆ ಇರುವವುಗಳ) ಹೊರಪೊರೆಯಲ್ಲಿರುವ ಲಿಪಿಡ್ ಎ ಅದರ ಗುರಿ. 2015ರಲ್ಲಿ ಚೀನಾದಿಂದ ವರದಿಯಾದ ಎಂಸಿಆರ್-1 ಜೀನ್ ಆ ಲಿಪಿಡ್‌ನ ಆವೇಶವನ್ನೇ ಬದಲಿಸುತ್ತದೆ, ಹಾಗಾಗಿ ಕೊಲಿಸ್ಟಿನ್ ಅಲ್ಲಿ ಸರಿಯಾಗಿ ಅಂಟುವುದಿಲ್ಲ. ಆ ಜೀನ್ ಪ್ಲಾಸ್ಮಿಡ್ (ಡಿಎನ್‌ಎಯ ಪುಟ್ಟ ಬಿಡಿ ಉಂಗುರ) ಮೇಲೆ ಕೂತಿರುವುದರಿಂದ ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ಸುಲಭವಾಗಿ ದಾಟುತ್ತದೆ. ಬೇರೆ ಯಾವ ಮದ್ದೂ ಕೆಲಸ ಮಾಡದಾಗ ಕೊಡುವ ಔಷಧಿ ಈ ಕೊಲಿಸ್ಟಿನ್. ಚಿಂತೆಯ ವಿಷಯ ಅಲ್ವಾ?