ತೊಳೆದ ಮೇಲೆ ಚಟಪಟ ಸದ್ದು ಮಾಡುವ ಏರ್ ಪ್ಯೂರಿಫೈಯರ್

ಫಿಲ್ಟರ್ ತೊಳೆದು ಮರುದಿನವೇ ಹಾಕಿದಾಗಿನಿಂದ ಚಟಪಟ ಸದ್ದು ಮತ್ತು ಘಾಟು ವಾಸನೆ ಬರುತ್ತಿದೆ, ಧೂಳೂ ಕಡಿಮೆಯಾಗಿಲ್ಲ ಎಂದಿದ್ದೀರಿ. ಫಿಲ್ಟರಿನ ಲೋಹದ ತಗಡುಗಳ ನಡುವೆ ಉಳಿದ ತೇವವೇ ಇದಕ್ಕೆ ಕಾರಣವಾಗಿರುವ ಸಾಧ್ಯತೆ ಹೆಚ್ಚು, ಆದರೆ ತೊಳೆಯುವಾಗ ಒಂದು ತಗಡು ಬಾಗಿದ್ದರೂ ಹೀಗೆಯೇ ಆಗುತ್ತದೆ. ಇಂತಹ ಯಂತ್ರದಲ್ಲಿ ಸಣ್ಣ ತಂತಿಗಳು ಧೂಳಿನ ಕಣಗಳಿಗೆ ವಿದ್ಯುದಾವೇಶ ನೀಡುತ್ತವೆ, ಲೋಹದ ತಗಡುಗಳು ಆ ಕಣಗಳನ್ನು ಸೆಳೆದು ಹಿಡಿಯುತ್ತವೆ. ನಡುವಿನ ಕಿರಿದಾದ ಅಂತರದಲ್ಲಿ ಒಂದು ಹನಿ ನೀರಿದ್ದರೂ ಕಿಡಿ ಹಾರುತ್ತದೆ. ಆ ವಾಸನೆ ಬಹುಶಃ ಕಿಡಿಯಿಂದ ಗಾಳಿಯಲ್ಲಿ ಹುಟ್ಟುವ ಓಝೋನ್ ಅನಿಲದ್ದು. ಅದು ಶ್ವಾಸಕೋಶಕ್ಕೆ ಹಾನಿಕರವಾದ್ದರಿಂದ ದಯವಿಟ್ಟು ಯಂತ್ರವನ್ನು ಈಗಲೇ ನಿಲ್ಲಿಸಿ.

ಪ್ಲಗ್ ಕಿತ್ತು, ಕೆಲವು ನಿಮಿಷ ಬಿಟ್ಟು ಫಿಲ್ಟರನ್ನು ಹೊರತೆಗೆದು ಬೆಳಕಿಗೆ ಹಿಡಿದು ನೋಡಿ. ನಮ್ಮ ಮನೆಯದರಲ್ಲಿ ಒಂದು ತಗಡಿನ ಮೂಲೆ ಅಕ್ಕಿಕಾಳಿನಷ್ಟು ಒಳಕ್ಕೆ ಬಾಗಿತ್ತು. ಅದನ್ನು ಬೆರಳಿನಿಂದ ಮೆಲ್ಲಗೆ ನೇರ ಮಾಡಿದ ಮೇಲೆ ಸದ್ದು ನಿಂತಿತು. ತಂತಿ ತುಂಡಾಗಿದ್ದರೆ ಮಾತ್ರ ಸರ್ವಿಸ್‌ನವರಿಗೆ ಕೊಡಿ. ಬಳಿಕ ಫಿಲ್ಟರನ್ನು ನೆಟ್ಟಗೆ ನಿಲ್ಲಿಸಿ ಫ್ಯಾನಿನ ಗಾಳಿಗೆ 24 ಗಂಟೆ, ಮಳೆಗಾಲವಾದರೆ ಎರಡು ದಿನ ಒಣಗಿಸಿ.

ಮತ್ತೆ ಹಾಕಿದಾಗ ಸದ್ದಿಲ್ಲದಿದ್ದರೆ ಕೋಣೆಯನ್ನು ಮುಚ್ಚಿ, ಅರ್ಧ ಊದುಬತ್ತಿ ಉರಿಸಿ ನಂದಿಸಿ, ಯಂತ್ರವಿಲ್ಲದೆ ಅರ್ಧ ಗಂಟೆಯಲ್ಲಿ ಪಿಎಂ 2.5 ಮೀಟರಿನ (ಗಾಳಿಯಲ್ಲಿನ ಅತಿ ಸೂಕ್ಷ್ಮ ಕಣಗಳನ್ನು ಅಳೆಯುವ ಸಾಧನದ) ಅಂಕಿ ಎಷ್ಟು ಇಳಿಯಿತೆಂದು ಬರೆದುಕೊಳ್ಳಿ. ಕೋಣೆಗೆ ಗಾಳಿಯಾಡಿಸಿ, ಅಷ್ಟೇ ಹೊಗೆ ಹಾಕಿ, ಯಂತ್ರ ಓಡಿಸಿ ಇನ್ನೊಮ್ಮೆ ಅಳೆಯಿರಿ. ಎರಡೂ ಇಳಿಕೆ ಹೆಚ್ಚುಕಡಿಮೆ ಒಂದೇ ಆಗಿದ್ದರೆ ಅಥವಾ ವಾಸನೆ ಮರಳಿದರೆ ಅದನ್ನು ಬಳಸಬೇಡಿ. ಹೊಸದನ್ನು ಕೊಳ್ಳುವುದಾದರೆ, ಹತ್ತು ಅಡಿ ಎತ್ತರದ 10×12 ಅಡಿ ಕೋಣೆಗೆ ಗಂಟೆಗೆ ಸುಮಾರು 170 ಘನ ಮೀಟರ್ ಸಿಎಡಿಆರ್ (ಶುದ್ಧ ಗಾಳಿ ಕೊಡುವ ಪ್ರಮಾಣ) ಇರುವ, ಹೆಪಾ ಫಿಲ್ಟರಿನ (ಸೂಕ್ಷ್ಮ ಕಣಗಳನ್ನು ದಟ್ಟ ನಾರಿನ ಹಾಳೆಯಲ್ಲಿ ಹಿಡಿಯುವ ಫಿಲ್ಟರ್) ಯಂತ್ರವನ್ನೇ ನೋಡಿ.